ಆಗುಂಬೆ ಇಳಿದು ಹತ್ತಿದ ಮ್ಯಾಟಡೋರ್

ನಾನೂ ನನ್ನ ಅಣ್ಣನೂ ಸೇರಿ ಕೊಪ್ಪದ ಕಡೆಯ ತೋಟವೊಂದರಲ್ಲಿ ನಿಂತುಬಿಟ್ಟಿದ್ದ ಮ್ಯಾಟಡೋರ್ ವ್ಯಾನನ್ನು ಕೊಂಡು ಶಿವಮೊಗ್ಗಕ್ಕೆ ತಂದಾಗ, ಅದರ ದುರಸ್ತಿ ಎಲ್ಲಿಗೆ ಮುಗಿಯಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದೆವು. ಗಾಡಿ ಆಗುಂಬೆ ಘಾಟಿಯನ್ನು ಇಳಿಯಬೇಕು, ಅದೇ ದಿನ ಹತ್ತಿ ಹಿಂದಿರುಗಬೇಕು. ಮಲೆನಾಡಿನಲ್ಲಿರುವವರು ಕರಾವಳಿಗೆ ಹೊರಟರೆ ಹುಲಿಕಲ್, ಆಗುಂಬೆ, ಗೇರುಸೊಪ್ಪೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಒಂದನ್ನಾದರೂ ದಾಟಲೇಬೇಕಾದ್ದರಿಂದ, ಘಾಟಿ ಇಳಿಯಲಾಗದ ವ್ಯಾನು ಎಷ್ಟು ಚೆಂದವಾಗಿದ್ದರೂ ನಮಗೆ ಪ್ರಯೋಜನವಿರಲಿಲ್ಲ.

ಮ್ಯಾಟಡೋರ್ ನಮ್ಮ ಕಡೆಯ ಮಧ್ಯವಯಸ್ಕರೆಲ್ಲರಿಗೂ ಗೊತ್ತಿರುವ ಗಾಡಿ. ಮದುವೆಯ ದಿಬ್ಬಣ, ಅಡಿಕೆ ಮೂಟೆ, ಮಣಿಪಾಲದ ಆಸ್ಪತ್ರೆಗೆ ಸಾಗಿಸಬೇಕಾದ ರೋಗಿ, ಧರ್ಮಸ್ಥಳಕ್ಕೆ ಹರಕೆ ತೀರಿಸಲು ಹೊರಟ ಇಡೀ ಮನೆಮಂದಿ, ಎಲ್ಲರಿಗೂ ಅದೇ. ಜರ್ಮನಿಯ ಟೆಂಪೊ ಮತ್ತು ಹನೊಮಾಗ್ ವ್ಯಾನುಗಳ ವಿನ್ಯಾಸವನ್ನು ಆಧರಿಸಿ ಪುಣೆಯ ಬಜಾಜ್ ಟೆಂಪೊ ಕಂಪನಿ 1969ರಿಂದ ಇದನ್ನು ತಯಾರಿಸಿತು. ಅದೇ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ನಮ್ಮದು 1990ರ ದಶಕದ ಆರಂಭದ ಗಾಡಿ. ಅದರೊಳಗಿರುವುದು ಮರ್ಸಿಡಿಸ್ ಬೆಂಜ್‌ನಿಂದ ಪರವಾನಗಿ ಪಡೆದು ಇಲ್ಲಿ ತಯಾರಾದ ಓಎಂ616 ಡೀಸೆಲ್ ಎಂಜಿನ್: ನಾಲ್ಕು ಸಿಲಿಂಡರ್, 2.4 ಲೀಟರ್.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಈ ಕೆಲಸವನ್ನು ಒಪ್ಪಿಕೊಂಡ ಹಿರಿಯ ಮೇಸ್ತ್ರಿಯವರು ಇಂಥ ಗಾಡಿಗಳನ್ನು ಹೊಸದಾಗಿದ್ದಾಗಿನಿಂದ ಬಲ್ಲವರು. ಹೊಸ ಎಂಜಿನ್ ಕೂರಿಸಬಹುದೇ, ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಬಹುದೇ ಎಂದು ಅಣ್ಣ ಕೇಳಿದ್ದಕ್ಕೆ ಅವರು, "ಹಾಕ್ಬಹುದು ಸಾರ್, ಆದ್ರೆ ಕಳಸದಲ್ಲಿ ಸಂಜೆ ಏಳು ಗಂಟೆಗೆ ಕೈ ಕೊಟ್ರೆ ರಿಪೇರಿ ಮಾಡೋರು ಯಾರು?" ಎಂದರು. ಆ ಪ್ರಶ್ನೆಯೇ ಮುಂದೆ ನಮ್ಮ ಎಲ್ಲ ನಿರ್ಧಾರಗಳಿಗೂ ಅಳತೆಗೋಲಾಯಿತು. ಸಣ್ಣ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಒಬ್ಬರು ಸಾಮಾನ್ಯ ಸ್ಪ್ಯಾನರ್‌ಗಳಿಂದ ಸರಿಪಡಿಸಲಾಗದ ಯಾವುದನ್ನೂ ಗಾಡಿಗೆ ಸೇರಿಸಬಾರದು. ಪ್ರಾಣಕ್ಕೆ ಸಂಬಂಧಿಸಿದ ಯಾವುದನ್ನೂ ಹಳೆಯದೆಂಬ ಪ್ರೀತಿಯಿಂದ ಹಾಗೇ ಬಿಡಬಾರದು.

ಈ ಅಳತೆಯಲ್ಲಿ ಎಂಜಿನ್ ಸುಲಭವಾಗಿ ಗೆದ್ದಿತು. ಇದೇ ವಂಶದ ಎಂಜಿನ್ ಅದೇ ಕಂಪನಿಯ ಟ್ರ್ಯಾಕ್ಸ್ ಜೀಪುಗಳಲ್ಲಿಯೂ ಬಂದಿರುವುದರಿಂದ ಪಿಸ್ಟನ್, ರಿಂಗ್, ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್ ಯಾವುದಕ್ಕೂ ಪರದಾಡಬೇಕಾಗಿಲ್ಲ. ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆದಾಗ ನಾಲ್ಕೂ ಸಿಲಿಂಡರ್‌ಗಳು ಹತ್ತಿರಹತ್ತಿರ ಬಂದವು. ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ, ಮುಟ್ಟುವ ಅಗತ್ಯವಿಲ್ಲವೆಂದು ಮೇಸ್ತ್ರಿಯವರು ವಾಲ್ವ್ ಕೆಲಸವನ್ನಷ್ಟೇ ಮಾಡಿದರು. ಬೆಂಗಳೂರಿನ ಮೈಕೋ ಕಂಪನಿಯ ಡೀಸೆಲ್ ಪಂಪನ್ನೂ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನೂ ಪಂಪ್ ಕೆಲಸದವರಲ್ಲಿ ಬಿಚ್ಚಿಸಿ, ಒತ್ತಡ ಹೊಂದಿಸಿ ಮರಳಿ ಕೂರಿಸಿದೆವು. ನಿಜವಾಗಿ ಕಾಡಿದ್ದು ಮ್ಯಾಟಡೋರ್‌ಗೆ ಮಾತ್ರ ಸೇರಿದ ಬಿಡಿಭಾಗಗಳು. ಇದು ಮುಂದಿನ ಚಕ್ರಗಳಿಂದ ಓಡುವ ಗಾಡಿಯಾದ್ದರಿಂದ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಮುಟ್ಟಿಸುವ ಮುಂಭಾಗದ ಡ್ರೈವ್ ಶಾಫ್ಟ್‌ಗಳು ಬೇರೆ ಯಾವ ಟ್ರ್ಯಾಕ್ಸಿನಿಂದಲೂ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಗಳನ್ನೂ ಅಣ್ಣ ಅಲೆದು, ಬಳಸಿದ್ದಾದರೂ ಗಟ್ಟಿಯಾಗಿದ್ದ ಒಂದು ಜೊತೆಯನ್ನು ಹಿಡಿದುಕೊಂಡು ಬಂದ ದಿನ ನಮ್ಮ ಮನೆಯಲ್ಲಿ ಆದ ಸಂತೋಷ ಸಣ್ಣದಲ್ಲ.

ಹೆಚ್ಚು ಸಮಯವನ್ನೂ ಹಣವನ್ನೂ ನಾವು ಬ್ರೇಕಿಗೆ ಕೊಟ್ಟೆವು, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಗುಣಮಟ್ಟದ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹಿಡಿದ ಮೇಲೆ ಅದು 140 ಡಿಗ್ರಿಗೆ ಇಳಿಯಬಹುದು. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿ ಡ್ರಮ್ಮು ಕಾದು ಆಯಿಲ್ ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ. ಆವಿ ಅಮುಕಿದಷ್ಟೂ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳಬಲ್ಲ ಆಗುಂಬೆಯಂಥ ಸೀಮೆಯಲ್ಲಿ ಹಳೆಯ ಬ್ರೇಕ್ ಆಯಿಲನ್ನು ನಂಬುವುದು ತರವಲ್ಲ. ನಾವು ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳು, ರಬ್ಬರ್ ಹೋಸ್‌ಗಳು, ತುಕ್ಕು ಹಿಡಿದಿದ್ದ ಕಬ್ಬಿಣದ ಕೊಳವೆಗಳು, ಇವೆಲ್ಲವನ್ನೂ ಬದಲಿಸಿ, ಹಿಂದಿನ ಡ್ರಮ್ಮುಗಳನ್ನು ಲೇತ್‌ನಲ್ಲಿ ಸಮ ಮಾಡಿಸಿ, ಹೊಸ ಲೈನರ್ ಹಾಕಿಸಿ, ಡಾಟ್ 4 ಆಯಿಲ್ ತುಂಬಿಸಿದೆವು. ಪೆಡಲನ್ನು ಹಗುರಗೊಳಿಸುವ ಬೂಸ್ಟರ್‌ಗೆ ಬೇಕಾದ ನಿರ್ವಾತವನ್ನು ಎಂಜಿನ್‌ನಿಂದ ತಿರುಗುವ ವ್ಯಾಕ್ಯೂಮ್ ಪಂಪು ಒದಗಿಸುತ್ತದೆ. ಎಂಜಿನ್ ಆಫ್ ಆದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಆ ನೆರವು ಮುಗಿದುಹೋಗುತ್ತದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುತ್ತಿದ್ದ ಹಳೆಯ ಅಭ್ಯಾಸ ಎಷ್ಟು ಅಪಾಯಕಾರಿಯಾಗಿತ್ತೆಂಬುದು ಇದರಿಂದಲೇ ತಿಳಿಯುತ್ತದೆ.

ತಂಪುಗೊಳಿಸುವ ವ್ಯವಸ್ಥೆಯನ್ನು ತೆರೆದಾಗ ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಇರಲೇ ಇಲ್ಲ. ಎಂಜಿನ್ ಕಾಯಬಾರದೆಂದು ಅದನ್ನು ಕಿತ್ತೆಸೆಯುವುದು ಹಲವು ಗ್ಯಾರೇಜುಗಳಲ್ಲಿ ನಡೆದುಬಂದ ಪದ್ಧತಿ. ಆದರೆ ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಎಂಜಿನ್ ಮಲೆನಾಡಿನ ಚಳಿಯಲ್ಲಿ ತಕ್ಕ ಬಿಸಿಗೆ ಬರಲು ತಡಮಾಡಿ, ಡೀಸೆಲ್ ಸರಿಯಾಗಿ ಉರಿಯದೆ ಹೊಗೆ ಬಿಟ್ಟು ಬೇಗ ಸವೆಯುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿ, ಬೋರ್‌ವೆಲ್ ನೀರಿನ ಗಟ್ಟಿ ಸುಣ್ಣ ಕಟ್ಟಿಕೊಂಡಿದ್ದ ರೇಡಿಯೇಟರ್‌ಗೆ ಹೊಸ ಕೋರ್ ಕೂರಿಸಿ, ಒತ್ತಡದ ಮುಚ್ಚಳವನ್ನೂ ಬದಲಿಸಿದೆವು. ಈ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಒಂದು ಬಾರ್‌ನಷ್ಟು ಹೆಚ್ಚುವರಿ ಒತ್ತಡವಿದ್ದರೆ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕಾಗುತ್ತದೆ. ಘಾಟಿ ಹತ್ತುವಾಗ ಬೇಕಾದ ಅಂತರ ಅದೇ.

ತಗಡಿನ ಕೆಲಸದಲ್ಲಿ ಟಿಂಕರಿಂಗ್‌ನವರು ಬಹಳ ತಾಳ್ಮೆ ತೋರಿಸಿದರು. ಫುಟ್‌ಬೋರ್ಡ್ ಮತ್ತು ಚಕ್ರದ ಕಮಾನುಗಳಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ್ದ ಹಳೆಯ ಪದರಗಳನ್ನು ಕೆರೆದು, ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಿ, 18 ಗೇಜಿನ ಹೊಸ ತಗಡನ್ನು ಬೆಸೆದು, ಎಪಾಕ್ಸಿ ಪ್ರೈಮರ್ ಬಳಿದರು. ಬಣ್ಣ ಮಾತ್ರ ಆರ್‌.ಸಿ.ಯಲ್ಲಿದ್ದ ಕೆನೆಬಿಳಿಯೇ.

ಒಳಾಂಗಣದ ವಿಷಯದಲ್ಲಿ ಕಾನೂನು ನಮ್ಮ ಕೈಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿತು ಎಂದೇ ನಾನು ಭಾವಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಸೂಚಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಹೀಗಾಗಿ ಆಸನಗಳನ್ನು ಕಿತ್ತು ಮಂಚ ಬೆಸೆಯುವ ಯೋಚನೆಯನ್ನು ಬಿಟ್ಟು, ಆಸನಗಳ ಮೇಲೆ ಹಾಸಿಕೊಳ್ಳಬಹುದಾದ, ಬೇಡವಾದಾಗ ಮಡಚಿ ಮನೆಯಲ್ಲಿಡಬಹುದಾದ ಹಲಗೆಗಳನ್ನು ಮಾಡಿಸಿದೆವು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳು ಐವತ್ತು ವರ್ಷ ದಾಟಿದವುಗಳಿಗೆ ಮಾತ್ರ ಅನ್ವಯಿಸುತ್ತವೆ, ಮತ್ತು ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮಗೆ ಬೇಕಾಗಿದ್ದುದು ಓಡಾಟವೇ. ತೋಟದವರು ಇದನ್ನು ಖಾಸಗಿ ವಾಹನವಾಗಿಯೇ ಇಟ್ಟುಕೊಂಡಿದ್ದರಿಂದ ಐದು ವರ್ಷಗಳ ನೋಂದಣಿ ನವೀಕರಣ ಸಾಕಾಯಿತು. ನಾಲ್ಕು ಚಕ್ರದ ಖಾಸಗಿ ಲಘು ವಾಹನಗಳಿಗೆ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು.

ವಿದ್ಯುತ್ ವ್ಯವಸ್ಥೆಗೂ ಮೇಸ್ತ್ರಿಯವರ ಅಳತೆಗೋಲನ್ನೇ ಹಿಡಿದೆವು. ಹೆಡ್‌ಲೈಟಿನ ವಿದ್ಯುತ್ತು ಹಳೆಯ ಸ್ವಿಚ್ಚಿನ ಮೂಲಕ ಸುತ್ತಿಬಂದು ಬೆಳಕು ಮಂಕಾಗುತ್ತಿದ್ದುದನ್ನು ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತು ಹರಿಯುವಂತೆ ಮಾಡುವ ಎರಡು ರಿಲೇ ಹಾಕಿ ಸರಿಪಡಿಸಲಾಯಿತು. ಬಲ್ಬುಗಳು ಅವೇ 60/55 ವ್ಯಾಟಿನವು. ರಾತ್ರಿಯ ತಂಗುವಿಕೆಗೆಂದು 12 ವೋಲ್ಟಿನ, 100 ಆಂಪಿಯರ್ ಅವರ್‌ನ ಪ್ರತ್ಯೇಕ ಬ್ಯಾಟರಿ ಇದೆ. ಲಿಥಿಯಂ ಬ್ಯಾಟರಿ ಹಗುರ, ಬಾಳಿಕೆಯೂ ಹೆಚ್ಚು. ಆದರೂ ಯಾವ ಊರಿನಲ್ಲಿಯಾದರೂ ಸಿಗುವ ಟ್ಯೂಬುಲರ್ ಬ್ಯಾಟರಿಯನ್ನೇ ಆರಿಸಿದೆವು. ಅದನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಬಾರದೆಂದರೆ 600 ವ್ಯಾಟ್ ಅವರ್ ಕೈಗೆ ಸಿಗುತ್ತದೆ. 25 ವ್ಯಾಟಿನ ಫ್ಯಾನು ಎಂಟು ಗಂಟೆ, 10 ವ್ಯಾಟಿನ ದೀಪ ನಾಲ್ಕು ಗಂಟೆ, ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಲ್ಲುವ 45 ವ್ಯಾಟಿನ ಪುಟ್ಟ ಫ್ರಿಜ್ಜು ಹನ್ನೆರಡು ಗಂಟೆ, ಇಷ್ಟಕ್ಕೆ 510 ಸಾಕು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ನಾವು ಮೂವರೂ, ಅಂದರೆ ಮೇಸ್ತ್ರಿ, ಅಣ್ಣ ಮತ್ತು ನಾನು, ಶಿವಮೊಗ್ಗದಿಂದ ಹೊರಟೆವು. ಮನೆಮಂದಿಯ ತೂಕಕ್ಕೆ ಬದಲಾಗಿ ಮರಳಿನ ಚೀಲಗಳನ್ನು ಹೇರಿದ್ದೆವು. ಮುಂದಿನ ಚಕ್ರಗಳಿಂದ ಓಡುವ ಗಾಡಿ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುವುದರಿಂದ, ಬ್ಯಾಟರಿಯನ್ನೂ ನೀರಿನ ಕ್ಯಾನುಗಳನ್ನೂ ಚಾಲಕನ ಆಸನದ ಹಿಂದೆಯೇ ಇರಿಸಿದ್ದೆವು. ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ಸಾಗಿ ತೀರ್ಥಹಳ್ಳಿಯಲ್ಲಿ ತಿಂಡಿ ತಿಂದೆವು. ಅಲ್ಲಿಯವರೆಗೂ ಮೇಸ್ತ್ರಿಯವರು ಹೆಚ್ಚು ಮಾತಾಡಲಿಲ್ಲ. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿನ ಕಡೆಗೇ ಕಿವಿಗೊಟ್ಟು ಕುಳಿತಿದ್ದರು.

ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ ಆಯಿಲ್, ಬೆಲ್ಟ್, ಟೈರುಗಳನ್ನು ಮತ್ತೊಮ್ಮೆ ನೋಡಿದೆವು. ಭಾರೀ ವಾಹನಗಳಿಗೆ ಈ ಘಾಟಿಯಲ್ಲಿ ಪ್ರವೇಶವಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಕೆಲವು ಅಷ್ಟು ಇಕ್ಕಟ್ಟು. ಅಣ್ಣ ಎರಡನೇ ಗೇರಿನಲ್ಲಿಯೇ ಇಳಿಸಲು ಶುರುಮಾಡಿದರು. ತಿರುವಿಗೆ ಮೊದಲು ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ತಗ್ಗಿದೊಡನೆ ಪೂರ್ತಿ ಬಿಟ್ಟು, ಉಳಿದದ್ದನ್ನು ಎಂಜಿನ್‌ಗೇ ಒಪ್ಪಿಸುವ ಕ್ರಮವನ್ನು ಮೇಸ್ತ್ರಿಯವರು ಹೇಳಿಕೊಟ್ಟಿದ್ದರು. ನಾಲ್ಕೈದು ತಿರುವುಗಳಾದ ಮೇಲೆ ಪೆಡಲ್ ಮೇಲಿದ್ದಲ್ಲೇ ಇದೆ, ಗಟ್ಟಿಯಾಗಿಯೂ ಇದೆ ಎಂದು ಅಣ್ಣ ಹೇಳಿದಾಗ ನನ್ನ ಎದೆಯ ಭಾರ ಇಳಿಯಿತು. ಹಿಂದೆ ಬಂದ ಮಿನಿ ಬಸ್ಸುಗಳಿಗೆ ದಾರಿ ಕೊಡುತ್ತಾ ಸೋಮೇಶ್ವರ ತಲುಪಿದೆವು.

ಅಲ್ಲಿ ರಸ್ತೆಯ ಬದಿಗೆ ಗಾಡಿ ಹಾಕಿ, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಒಂದೊಂದು ಚಕ್ರಕ್ಕೂ ಹಿಡಿದೆ. ಮುಂದಿನ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿದ್ದವು. ಹಿಂದಿನ ಬಲ ಡ್ರಮ್ಮು 95 ಡಿಗ್ರಿ, ಎಡದ್ದು 140. ಎರಡೂ ಕಡೆ ಒಂದೇ ಕೆಲಸ ಮಾಡಬೇಕಾದ ಬ್ರೇಕಿನಲ್ಲಿ ಇಷ್ಟು ವ್ಯತ್ಯಾಸ ಬಂದರೆ ಒಂದು ಕಡೆ ಲೈನರು ಡ್ರಮ್ಮಿಗೆ ಉಜ್ಜುತ್ತಲೇ ಇರಬಹುದು ಎಂದರ್ಥ. ಮೇಸ್ತ್ರಿಯವರು ಜಾಕ್ ಹಾಕಿ ಚಕ್ರ ತಿರುಗಿಸಿದರು, ಬಿಗಿ. ಹ್ಯಾಂಡ್‌ಬ್ರೇಕಿನ ಹೊಸ ಕೇಬಲ್ಲು ಎಡಗಡೆ ತುಸು ಹೆಚ್ಚಾಗಿ ಎಳೆದುಕೊಂಡಿತ್ತು. ಎರಡು ಸ್ಪ್ಯಾನರ್ ಹಿಡಿದು ಅದರ ನಟ್ಟನ್ನು ಸಡಿಲಿಸಿದೊಡನೆ ಚಕ್ರ ಸಲೀಸಾಗಿ ತಿರುಗಿತು.

ಅಷ್ಟರಲ್ಲಿ ಎಂಜಿನ್ ಮೇಲೆ ಡೀಸೆಲ್ ಜಿನುಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ನಾಜಲ್‌ನಿಂದ ನಾಜಲ್‌ಗೆ ಹೋಗುವ ಸಣ್ಣ ರಿಟರ್ನ್ ಪೈಪುಗಳಲ್ಲಿ ಒಂದು ಸೀಳಿತ್ತು. ನಮ್ಮ ಡಬ್ಬಿಯಲ್ಲಿ ಅದೊಂದು ಇರಲಿಲ್ಲ. ಜನರನ್ನು ಇಳಿಸಲು ನಿಂತಿದ್ದ ಟ್ರ್ಯಾಕ್ಸ್ ಒಂದರ ಚಾಲಕರು ಹತ್ತಿರ ಬಂದು ಎಂಜಿನ್ ನೋಡಿ, "ಇದ್ ನಮ್ ಟ್ರ್ಯಾಕ್ಸಿಂದೇ ಇಂಜಿನ್ ಅಲ್ದಾ?" ಎಂದವರೇ ಸೀಟಿನಡಿಯಿಂದ ಗೇಣುದ್ದದ ಪೈಪು ತೆಗೆದುಕೊಟ್ಟರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅವರ ತಂದೆ ಹೆಬ್ರಿಯಲ್ಲಿ ಮ್ಯಾಟಡೋರ್ ಓಡಿಸುತ್ತಿದ್ದರಂತೆ. ಹಳೆಯ ಎಂಜಿನನ್ನೇ ಉಳಿಸಿಕೊಂಡದ್ದು ಸರಿಯೆಂದು ನನಗೆ ಪೂರ್ತಿ ಮನವರಿಕೆಯಾದದ್ದು ಆಗ.

ಹೆಬ್ರಿಯಲ್ಲಿ ಊಟ ಮುಗಿಸಿ, ಬೇಕೆಂದೇ ಮಧ್ಯಾಹ್ನದ ಬಿಸಿಲಿನಲ್ಲಿ ಘಾಟಿ ಹತ್ತಿದೆವು. ಸಮತಟ್ಟಿನಲ್ಲಿ 82ರ ಆಸುಪಾಸು ನಿಲ್ಲುತ್ತಿದ್ದ ಎಂಜಿನ್ನಿನ ಬಿಸಿ ಅರ್ಧ ದಾರಿಯಲ್ಲಿ 90, ಮೇಲಿನ ತಿರುವುಗಳಲ್ಲಿ 96ಕ್ಕೆ ಏರಿತು. ಅದಕ್ಕಿಂತ ಮುಂದೆ ಹೋಗಲಿಲ್ಲ. ಒಂದು ಇಕ್ಕಟ್ಟಾದ ತಿರುವಿನಲ್ಲಿ ಮೊದಲನೇ ಗೇರಿಗೆ ಇಳಿಯಬೇಕಾಯಿತು, ಜಲ್ಲಿಯ ಮೇಲೆ ಮುಂದಿನ ಒಳಚಕ್ರ ಕ್ಷಣಕಾಲ ಜಾರಿತು, ಮತ್ತೆ ಹಿಡಿಯಿತು. ಆಗುಂಬೆಯ ಪೇಟೆ ತಲುಪಿ ಮತ್ತೆ ಹಿಂದಿನ ಡ್ರಮ್ಮುಗಳನ್ನು ಅಳೆದಾಗ ಎಡಬಲಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. "ಇನ್ನು ಮನೆಯವರನ್ನ ಕೂರಿಸ್ಬಹುದು ಸಾರ್" ಎಂದು ಮೇಸ್ತ್ರಿಯವರು ಮರಳಿನ ಚೀಲಗಳನ್ನು ತೋರಿಸಿದರು.

ಹಿಂಬಾಗಿಲಿನ ರಬ್ಬರು ಇನ್ನೂ ಸಿಕ್ಕಿಲ್ಲ; ಮಳೆಗಾಲಕ್ಕೆ ಮುಂಚೆ ಅದನ್ನು ಹೊಂದಿಸಬೇಕು. ರಿಟರ್ನ್ ಪೈಪಿನ ಒಂದು ಸುರುಳಿ ಈಗ ಡಬ್ಬಿಯಲ್ಲಿದೆ. ಶಿವರಾತ್ರಿಗೆ ಅಮ್ಮನನ್ನು ಗೋಕರ್ಣಕ್ಕೆ ಕರೆದೊಯ್ಯುವುದು, ಬರುವಾಗ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಸಾಗರದ ಮೇಲೆ ಬರುವುದು ಎಂದು ತೀರ್ಮಾನವಾಗಿದೆ.