ಕಟ್ಟಿಕೊಂಡ ಕೊಳವೆ, ಬಿಚ್ಚಿಕೊಳ್ಳುವ ಜಾಲರಿ

ಒಬ್ಬ ರೋಗಿ: ಮೇದೋಜೀರಕದ ತಲೆಯಲ್ಲಿ ಕ್ಯಾನ್ಸರ್, ಶಸ್ತ್ರಚಿಕಿತ್ಸೆಯ ಹಂತ ದಾಟಿದೆ. ಮೂರು ತಿಂಗಳ ಹಿಂದೆ, ಗೆಡ್ಡೆ ಒತ್ತಿ ಮುಚ್ಚಿದ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ (ದಾರಿ ತೆರೆದಿಡುವ ಕೊಳವೆ) ಹಾಕಿದಾಗ ಕಾಮಾಲೆ ಇಳಿದಿತ್ತು. ಈಗ ಚಳಿಜ್ವರ, ಕಣ್ಣು ಮತ್ತೆ ಹಳದಿ. ಇಆರ್‌ಸಿಪಿ (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಮೇಜಿನ ಮೇಲೆ ಆ ಹಳೆಯ ಕೊಳವೆ ಸ್ನೇರ್‌ಗೆ, ಅಂದರೆ ತಂತಿಯ ಕುಣಿಕೆಗೆ, ಸಿಕ್ಕಿ ಹೊರಬಂತು: ಕೊಳವೆಗಳ ದಪ್ಪ ಅಳೆಯುವ ಮಾನದಲ್ಲಿ 10 ಫ್ರೆಂಚ್, ಅಂದರೆ 3.3 ಮಿ.ಮೀ. ಹೊರವ್ಯಾಸದ ಪಾಲಿಎಥಿಲೀನ್. ಉದ್ದಕ್ಕೆ ಸೀಳಿದರೆ ಒಳಗೆಲ್ಲ ಕಂದು ಕೆಸರು.

ಇದು ಬರೀ ಪಿತ್ತ ಗಟ್ಟಿಯಾದದ್ದಲ್ಲ. ಬ್ಯಾಕ್ಟೀರಿಯಾ ಮೊದಲು ಒಳಗೋಡೆಗೆ ಲೋಳೆಯಾಗಿ ಅಂಟುತ್ತವೆ. ಅವುಗಳ ಕಿಣ್ವದಿಂದ ಬಿಡುಗಡೆಯಾದ ಬಿಲಿರುಬಿನ್ ಕ್ಯಾಲ್ಸಿಯಂ ಜೊತೆ ಸೇರಿ ತಳ ಹಿಡಿಯುತ್ತದೆ. ಕರುಳಿನಿಂದ ಹಿಮ್ಮುಖವಾಗಿ ನುಗ್ಗಿದ ಆಹಾರದ ನಾರು ಅದರ ಮೇಲೆ ಕೂರುತ್ತದೆ. ಟೆಫ್ಲಾನ್ ನುಣುಪು, ಅದಕ್ಕೇನೂ ಅಂಟದು ಎಂಬ ಲೆಕ್ಕವಿತ್ತು. ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಯಾವ ಪ್ಲಾಸ್ಟಿಕ್ ಎಂಬುದಕ್ಕಿಂತ ಕೊಳವೆಯ ಬಾಯಿ ಎಷ್ಟಗಲ ಎಂಬುದೇ ಮುಖ್ಯ. ಅದಕ್ಕೂ ಮಿತಿಯಿದೆ: ಕೊಳವೆ ಹಾದುಹೋಗಬೇಕಾದ ಎಂಡೋಸ್ಕೋಪಿನ ಕಾಲುವೆಯೇ ಸುಮಾರು 4.2 ಮಿ.ಮೀ.

ಲೋಹದ ಸ್ಟೆಂಟ್ ಗೆಲ್ಲುವುದು ಇಲ್ಲಿ. 8.5 ಫ್ರೆಂಚ್ ಅಥವಾ ಅದಕ್ಕೂ ಸಣ್ಣ ಕವಚದಲ್ಲಿ ಮಡಚಿಕೊಂಡು ಹೋಗಿ, ಒಳಗೆ 10 ಮಿ.ಮೀ.ಗೆ ಬಿಚ್ಚಿಕೊಳ್ಳುತ್ತದೆ. ಬೆಲೆ ಹೆಚ್ಚು, ನಿಜ. ಆದರೆ ಮೂರ್ನಾಲ್ಕು ತಿಂಗಳಿಗಿಂತ ಹೆಚ್ಚು ಬದುಕುವ ರೋಗಿಗೆ ಪದೇ ಪದೇ ಕೊಳವೆ ಬದಲಿಸುವ ಕಾಟ ತಪ್ಪುತ್ತದೆ. ಹೆಣೆದ ಜಾಲರಿ ಬಿಚ್ಚುವಾಗ ಉದ್ದ ಕುಗ್ಗುತ್ತದೆ. ಅದನ್ನು ಮರೆತರೆ ಮೇಲಿನ ತುದಿ ಗೆಡ್ಡೆಯ ಅಂಚಿಗೇ ಬಂದು ನಿಲ್ಲುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ಹೆಚ್ಚು ಕುಗ್ಗದು. ಕೆಳತುದಿ ಕರುಳಿನೊಳಗೆ ಸುಮಾರು 1 ಸೆಂ.ಮೀ. ಇದ್ದರೆ ಸಾಕು; ಹೆಚ್ಚಾದರೆ ಎದುರಿನ ಗೋಡೆಗೆ ತಾಗಿ ಹುಣ್ಣಾಗಬಹುದು.

ಇನ್ನು ಹೊದಿಕೆಯ ತಕರಾರು. ಬರೀ ಜಾಲರಿಯ ಕಿಂಡಿಗಳಲ್ಲಿ ಗೆಡ್ಡೆ ಒಳಬೆಳೆಯುತ್ತದೆ, ಮತ್ತೆ ತೆಗೆಯುವುದೂ ಆಗದು. ಹಾಗಾಗಿ ಬಯಾಪ್ಸಿ ಕ್ಯಾನ್ಸರ್ ಎಂದು ಖಚಿತಪಡಿಸದೆ ಅದನ್ನು ಹಾಕಬಾರದು. ಸಿಲಿಕೋನ್ ಹೊದ್ದದ್ದು ಗೆಡ್ಡೆಯನ್ನು ತಡೆದರೂ ಹಿಡಿತ ಕಡಿಮೆ, ಜಾರುತ್ತದೆ. ಪಿತ್ತಕೋಶದ ನಾಳದ ಬಾಯಿ ಮುಚ್ಚಿದರೆ ಅಲ್ಲಿ ಉರಿಯೂತವಾಗಬಹುದು. ಯಕೃತ್ತಿನ ಎಡ ಬಲ ನಾಳಗಳು ಕೂಡುವಲ್ಲಿ ಕವಲನ್ನೇ ಮುಚ್ಚೀತೆಂದು ಸಾಮಾನ್ಯವಾಗಿ ಅದರ ಗೋಜಿಗೆ ಹೋಗುವುದಿಲ್ಲ.

ಈ ರೋಗಿಯ ಬಯಾಪ್ಸಿ ಖಚಿತ, ಪಿತ್ತಕೋಶವೂ ಇದೆ. ಹಾಗಾಗಿ 10 ಮಿ.ಮೀ., 6 ಸೆಂ.ಮೀ.ನ ಹೊದಿಕೆಯಿಲ್ಲದ ನಿಟಿನಾಲ್. ಎಕ್ಸ್‌ರೇಯಲ್ಲಿ ಗೆಡ್ಡೆ ಒತ್ತುವ ನಡುಭಾಗ ಸೊಂಟದಂತೆ ಕಿರಿದಾಗಿ ಕಾಣುತ್ತದೆ. ಬಲೂನ್ ಊದಿ ಹಿಗ್ಗಿಸುವುದು ಬೇಡ, ಮೈಬಿಸಿಗೆ ಒಂದೆರಡು ದಿನದಲ್ಲಿ ತಾನೇ ಹಿಗ್ಗುತ್ತದೆ.