ಘಾಟಿ ಇಳಿಯುವ ಲಾರಿಗೆ ವಿದ್ಯುತ್ ಮೋಟಾರಿನ ಆಸರೆ

ಡೀಸೆಲ್ ಎಂಜಿನ್ನನ್ನು ಹಾಗೆಯೇ ಉಳಿಸಿಕೊಂಡು, ಹಿಂದಿನ ಆಕ್ಸಲ್‌ಗೆ ಒಂದು ವಿದ್ಯುತ್ ಮೋಟಾರನ್ನೂ ಚಾಸಿಗೆ ಒಂದು ಸಾಧಾರಣ ಗಾತ್ರದ ಬ್ಯಾಟರಿಯನ್ನೂ ಜೋಡಿಸಿದರೆ ಭಾರಿ ಲಾರಿಗೆ ಲಾಭವಿದೆಯೇ ಎಂದು ಮೈಸೂರಿನ ಬಂಡಿಪಾಳ್ಯ ಎಪಿಎಂಸಿಯಿಂದ ಕೇರಳಕ್ಕೆ ತರಕಾರಿ ಸಾಗಿಸುವ ಸ್ನೇಹಿತರೊಬ್ಬರು ನನ್ನನ್ನು ಕೇಳಿದರು. ಪೂರ್ತಿ ವಿದ್ಯುತ್ ಲಾರಿಯ ಬೆಲೆ ಅವರ ಕೈಗೆ ನಿಲುಕುವಂಥದ್ದಲ್ಲ. ಇರುವ ಗಾಡಿಗೇ ಆಸರೆ ಸಿಕ್ಕುವುದಾದರೆ ಸಾಕು ಎಂಬುದು ಅವರ ಆಸೆ. ಕೂತು ಲೆಕ್ಕ ಹಾಕಿದ ಮೇಲೆ ನನಗೆ ಖಚಿತವಾದದ್ದು ಒಂದೇ: ಈ ವ್ಯವಸ್ಥೆ ಫಲ ಕೊಡುವುದೂ ಕೊಡದಿರುವುದೂ ಲಾರಿ ಓಡುವ ರಸ್ತೆಗೆ ಸೇರಿದ ವಿಷಯ.

ಮೊದಲು ಸಮತಟ್ಟಾದ ರಸ್ತೆಯನ್ನು ನೋಡೋಣ. ಲೋಡು ಸೇರಿ 25 ಟನ್ ತೂಗುವ ಹತ್ತು ಚಕ್ರದ ಲಾರಿಯೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಟೈರುಗಳ ಉರುಳುವಿಕೆಯ ತಡೆಗೂ ಗಾಳಿಯ ತಡೆಗೂ ಸೇರಿ ಸುಮಾರು 45 ಕಿಲೋವಾಟ್ ಶಕ್ತಿ ಸಾಕು. ಈ ಕೆಲಸವನ್ನು ಡೀಸೆಲ್ ಎಂಜಿನ್ ಚೆನ್ನಾಗಿಯೇ ಮಾಡುತ್ತದೆ; ಮೋಟಾರಿನ ಲಾಭವಿರುವುದು ಬ್ರೇಕ್ ಹಾಕುವಾಗ ಜನರೇಟರಿನಂತೆ ತಿರುಗಿ ಬ್ಯಾಟರಿ ತುಂಬುವುದರಲ್ಲಿ, ಬ್ರೇಕ್ ಹಾಕದ ಕಡೆ ಅದು ಹಿಂದಕ್ಕೆ ಪಡೆಯುವಂಥದ್ದು ಏನೂ ಇರುವುದಿಲ್ಲ. 60ರ ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಸಿಕ್ಕುವ ಚಲನಶಕ್ತಿ ಸುಮಾರು 1 ಕಿಲೋವಾಟ್ ಗಂಟೆ (ಕರೆಂಟ್ ಬಿಲ್ಲಿನ ಒಂದು ಯೂನಿಟ್) ಮಾತ್ರ, ಅದರಿಂದ ಉಳಿಯುವ ಡೀಸೆಲ್ ಒಂದು ಲೀಟರಿನ ಐದನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಆದ್ದರಿಂದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಂಟೇನರ್ ಗಾಡಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಮಂಡ್ಯದ ಕಬ್ಬಿನ ಲಾರಿಗೂ ಮಾಡುವುದಿಲ್ಲ, ಏಕೆಂದರೆ ವಿ.ಸಿ. ನಾಲೆಯ ಬಯಲಿನಲ್ಲಿ ದೊಡ್ಡ ಏರಿಳಿತಗಳಿಲ್ಲ, ದೂರವೂ ಕಡಿಮೆ, ಅರೆಯುವ ಹಂಗಾಮು ಮುಗಿದ ಮೇಲೆ ಅಷ್ಟು ಬಂಡವಾಳದ ಬ್ಯಾಟರಿ ಸುಮ್ಮನೆ ಕೂರಬೇಕಾಗುತ್ತದೆ.

ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಮಾರ್ಗವಾಗಿ ಕೋಳಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಸಂಗತಿ ಬೇರೆ. ಮೇಲಿನ ಲಕ್ಕಿಡಿಯಿಂದ ಕೆಳಗಿನ ಅಡಿವಾರಂವರೆಗಿನ ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಇಳಿತವನ್ನು 600 ಮೀಟರ್ ಎಂದೂ ದೂರವನ್ನು 12 ಕಿ.ಮೀ. ಎಂದೂ ಹಿಡಿಯೋಣ. 25 ಟನ್ ಭಾರ ಅಷ್ಟು ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ 41 ಕಿಲೋವಾಟ್ ಗಂಟೆ. ಟೈರಿನ ತಡೆಗೆ ಆರನ್ನು ಕಳೆದರೂ 35 ಉಳಿಯುತ್ತದೆ, ಇಂದು ಅದೆಲ್ಲವೂ ಎಂಜಿನ್ನಿನ ಹೊಗೆಯನ್ನು ತಡೆಹಿಡಿದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನಲ್ಲೂ ಬ್ರೇಕ್ ಲೈನರುಗಳಲ್ಲೂ ಬಿಸಿಯಾಗಿ ಹೋಗುತ್ತಿದೆ. ಮೋಟಾರು ಜನರೇಟರಿನಂತೆ ತಿರುಗಿ ಅದರಲ್ಲಿ ಶೇಕಡಾ 70ರಷ್ಟನ್ನು ಹಿಡಿದಿಟ್ಟರೆ ಬ್ಯಾಟರಿಗೆ 25 ಕಿಲೋವಾಟ್ ಗಂಟೆ ಸೇರುತ್ತದೆ. ತರಕಾರಿ ಇಳಿಸಿ ಖಾಲಿಯಾಗಿ ಹಿಂದಿರುಗುವ ಲಾರಿ ಸುಮಾರು 10 ಟನ್ ತೂಗುತ್ತದೆ. ಅದು ಅದೇ ಘಾಟಿ ಹತ್ತಲು ನಷ್ಟಗಳೂ ಸೇರಿ ಬೇಕಾದದ್ದು 22 ಕಿಲೋವಾಟ್ ಗಂಟೆಯ ಆಸುಪಾಸು. ಲೋಡು ಕೆಳಗೆ, ಖಾಲಿ ಗಾಡಿ ಮೇಲೆ ಎಂಬ ಈ ವ್ಯಾಪಾರದ ಸ್ವರೂಪವೇ ಲೆಕ್ಕವನ್ನು ಸರಿದೂಗಿಸುತ್ತದೆ. ಹತ್ತುವಾಗ ಸುಡುವ ಐದು ಲೀಟರಿನಷ್ಟು ಡೀಸೆಲ್ ಪ್ರತಿ ಬಾರಿಯೂ ಉಳಿಯುತ್ತದೆ.

ಡೀಸೆಲ್ಲಿಗಿಂತಲೂ ನನ್ನ ಮನಸ್ಸು ಹೆಚ್ಚು ತೂಗುವುದು ಬ್ರೇಕಿನ ಕಡೆಗೆ. ಅರ್ಧ ಗಂಟೆಯ ಇಳಿತದುದ್ದಕ್ಕೂ ಸರಾಸರಿ 70 ಕಿಲೋವಾಟ್‌ನಷ್ಟು ತಡೆಯನ್ನು ಮೋಟಾರೇ ಹೊತ್ತರೆ, ಕೊನೆಯ ತಿರುವುಗಳಲ್ಲಿ ಲೈನರು ಕಾದು ಬ್ರೇಕ್ ಹಿಡಿಯದೆ ಹೋಗುವ ಅಪಾಯ ಬಹಳ ಕಡಿಮೆಯಾಗುತ್ತದೆ. ಡ್ರೈವರ್, ಕ್ಲೀನರ್, ಎದುರಿನಿಂದ ಬರುವ ಬಸ್ಸಿನ ಪ್ರಯಾಣಿಕರು, ಇವರೆಲ್ಲರ ಜೀವ ಆ ಲೈನರುಗಳ ಮೇಲೆ ನಿಂತಿರುತ್ತದೆ. ಈ ಲಾಭವನ್ನು ರೂಪಾಯಿಯಲ್ಲಿ ಬರೆಯಲು ನನಗೆ ಇಷ್ಟವಿಲ್ಲ.

ವಿದ್ಯುತ್ ಮೋಟಾರು ಭಾರ ಎಳೆಯಲಾರದು ಎಂದು ಅನುಮಾನಿಸುವವರು ನಮ್ಮ ಮೈಸೂರಿನ ಬೆಮೆಲ್ ಕಾರ್ಖಾನೆಯನ್ನು ನೆನೆಯಬೇಕು. ಅಲ್ಲಿ ತಯಾರಾಗುವ ದೈತ್ಯ ಗಣಿ ಡಂಪರುಗಳಲ್ಲಿ ಕೆಲವು ಮಾದರಿಗಳು ಡೀಸೆಲ್ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಚಕ್ರದ ಮೋಟಾರುಗಳಿಂದಲೇ ಓಡುತ್ತವೆ. ಇಂಥ ಡಂಪರುಗಳು ಇಳಿಯುವಾಗ ಹುಟ್ಟುವ ವಿದ್ಯುತ್ತು ಸಾಮಾನ್ಯವಾಗಿ ರೆಸಿಸ್ಟರುಗಳಲ್ಲಿ ಉರಿದು ಗಾಳಿ ಸೇರುತ್ತದೆ. ನಾವು ಬಯಸುತ್ತಿರುವುದು ಅದನ್ನು ಉಳಿಸಿಕೊಳ್ಳುವ ಬ್ಯಾಟರಿಯನ್ನು.

ಆ ಬ್ಯಾಟರಿ 50 ಕಿಲೋವಾಟ್ ಗಂಟೆಯದ್ದಾಗಿದ್ದು, ಅದರಲ್ಲಿ 40ನ್ನು ಮಾತ್ರ ಬಳಸುವುದು ಆಯುಸ್ಸಿನ ದೃಷ್ಟಿಯಿಂದ ಕ್ಷೇಮ. ಅದು ಲಕ್ಕಿಡಿ ತಲಪುವ ಹೊತ್ತಿಗೆ ಬಹುಪಾಲು ಖಾಲಿಯಾಗಿರಬೇಕು, ತುಂಬಿದ ಬ್ಯಾಟರಿಗೆ ಇಳಿತದ ಶಕ್ತಿಯನ್ನು ತುರುಕಲಾಗುವುದಿಲ್ಲ. ಮುಂದಿನ ಏರಿಳಿತವನ್ನು ನಕ್ಷೆಯಿಂದ ಮೊದಲೇ ತಿಳಿದು ಬ್ಯಾಟರಿಯನ್ನು ಸಜ್ಜುಗೊಳಿಸುವ ಕ್ರಮವನ್ನು ಜಪಾನಿನ ಹಿನೊ ಕಂಪನಿ 2019ರಲ್ಲಿ ತಂದ ಪ್ರೊಫಿಯಾ ಹೈಬ್ರಿಡ್ ಲಾರಿಯಲ್ಲಿ ಅಳವಡಿಸಿದೆ. ನಮ್ಮ ಮಾರ್ಗಕ್ಕೆ ಇದು ಇನ್ನೂ ಸುಲಭ, ಏಕೆಂದರೆ ಲಾರಿ ವರ್ಷವಿಡೀ ಹೋಗುವುದು ಅದೇ ದಾರಿಯಲ್ಲಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ, ತಡವಾಗಿ ಹೊರಟ ಲಾರಿಗಳು ಗುಂಡ್ಲುಪೇಟೆಯ ಕಡೆ ಬೆಳಗಾಗುವವರೆಗೆ ನಿಲ್ಲಲೇಬೇಕು. ಆ ಹೊತ್ತಿನಲ್ಲಿ ಸಾಧಾರಣ ಚಾರ್ಜರಿನಿಂದಲೇ ಬ್ಯಾಟರಿ ತುಂಬುತ್ತದೆ, ಮುಂದಿನ ಸುಮಾರು 90 ಕಿ.ಮೀ. ಹಾದಿಯ ಏರುಗಳಲ್ಲಿ ಅದು ಖರ್ಚಾಗುತ್ತದೆ. ಬೇಗ ಹೊರಡುವ ಗಾಡಿಗಳು ಬಂಡಿಪಾಳ್ಯದಲ್ಲಿ ಲೋಡಾಗುವಾಗಲೇ ಚಾರ್ಜ್ ಮಾಡಿಕೊಳ್ಳಬಹುದು.

ಚಾರ್ಜ್ ಮಾಡುವುದು ಐಚ್ಛಿಕವಲ್ಲ ಎಂದು ಹಣದ ಲೆಕ್ಕ ಹೇಳುತ್ತದೆ. ಡೀಸೆಲ್ ಲೀಟರಿಗೆ 90 ರೂಪಾಯಿಯಾದರೆ ಘಾಟಿಯಿಂದ ಉಳಿಯುವುದು ಒಂದು ಟ್ರಿಪ್ಪಿಗೆ 450 ರೂಪಾಯಿ. ತುಂಬಿದ ಬ್ಯಾಟರಿಯೊಂದು ಸುಮಾರು ಹತ್ತು ಲೀಟರ್ ಡೀಸೆಲ್ಲಿಗೆ ಸಮ. ವಿದ್ಯುತ್ತಿನ ಖರ್ಚು 400 ಕಳೆದು ಇನ್ನೊಂದು 500 ಉಳಿಯುತ್ತದೆ. ವರ್ಷಕ್ಕೆ 200 ಟ್ರಿಪ್ ಎಂದು ಹಿಡಿದರೆ ಒಟ್ಟು 1.9 ಲಕ್ಷ. ಬ್ಯಾಟರಿ, ಮೋಟಾರು, ಜೋಡಣೆ ಎಲ್ಲ ಸೇರಿ 9 ಲಕ್ಷಕ್ಕೆ ಮುಗಿದರೆ ಐದು ವರ್ಷದೊಳಗೆ ಹಣ ಹಿಂದಿರುಗುತ್ತದೆ. ಘಾಟಿಯ ಉಳಿತಾಯವನ್ನು ಮಾತ್ರ ನಂಬಿದರೆ ಹತ್ತು ವರ್ಷ ಕಾಯಬೇಕು. ಅಷ್ಟು ಕಾಯುವ ಶಕ್ತಿ ಸಾಲದ ಕಂತು ಕಟ್ಟುವ ಮಾಲೀಕರಿಗೆ ಇಲ್ಲ.

ಅಡಚಣೆಗಳೂ ಇವೆ. ಬ್ಯಾಟರಿ, ಮೋಟಾರು, ಇನ್ವರ್ಟರು ಸೇರಿ ಮುಕ್ಕಾಲು ಟನ್ನಿನ ಹತ್ತಿರ ತೂಗುತ್ತವೆ, ಆಲೂಗಡ್ಡೆಯಂಥ ಭಾರದ ಲೋಡಿನಲ್ಲಿ ಅಷ್ಟು ಬಾಡಿಗೆ ಕೈಬಿಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ಗಾಡಿಯ ಮೂಲ ವಿವರಗಳನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಅನುಮೋದಿತ ಕಿಟ್ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಹಾಗಾಗಿ ಗ್ಯಾರೇಜಿನಲ್ಲಿ ಯಾರೋ ಜೋಡಿಸಿಕೊಡುತ್ತೇನೆಂದರೆ ಒಪ್ಪಬೇಡಿ ಎಂದು ಸ್ನೇಹಿತರಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಲಾರಿ ತಯಾರಕರೇ ಇಂಥ ಆಕ್ಸಲನ್ನು ಕಾರ್ಖಾನೆಯಿಂದ ಕೊಡುವುದಾದರೆ, ಮೊದಲ ಕೆಲವು ಗಾಡಿಗಳನ್ನು ಈ 766ರ ತರಕಾರಿ ಸಾಗಣೆಗೇ ಬಿಟ್ಟು, ಒಂದು ಮಳೆಗಾಲವನ್ನೂ ಸೇರಿಸಿಕೊಂಡು ಪರೀಕ್ಷಿಸಬೇಕೆಂಬುದು ನನ್ನ ಕೋರಿಕೆ. ಅದಕ್ಕೂ ಮೊದಲು ಗುಂಡ್ಲುಪೇಟೆಯಲ್ಲಿ ಲಾರಿಗಳು ರಾತ್ರಿ ನಿಲ್ಲುವ ಜಾಗಕ್ಕೆ ಚಾರ್ಜಿಂಗ್ ಲೈನು ಬರಬೇಕು.