ರಿಪೋರ್ಟಿನಲ್ಲಿ ‘ಅಟ್ರೋಫಿ’ ಅಂತ ಬರೆದಿದ್ದಾರೆ, ಗಾಬರಿ ಆಗಬೇಕಾ?

ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಮುಗಿದು ಹೊರಬರುವಾಗಲೋ, ಯಾರದೋ ಮದುವೆಯೂಟದಲ್ಲೋ, ಒಬ್ಬರಾದರೂ ಮೊಬೈಲ್ ಮುಂದೆ ಹಿಡಿಯುತ್ತಾರೆ. ಎಂಆರ್‌ಐ ರಿಪೋರ್ಟಿನ ಫೋಟೋ. “ಡಾಕ್ಟ್ರೇ, ಅಮ್ಮನ ಮೆದುಳು ಕುಗ್ಗಿದೆಯಂತೆ. ಮರೆವಿನ ಕಾಯಿಲೆ ಶುರುವಾಯ್ತಾ?” ಕೊನೆಯಲ್ಲಿ ‘ಏಜ್ ರಿಲೇಟೆಡ್ ಸೆರೆಬ್ರಲ್ ಅಟ್ರೋಫಿ’, ಅಂದರೆ ವಯಸ್ಸಿನಿಂದ ಮೆದುಳು ಕುಗ್ಗಿದೆ, ಎಂದಿರುತ್ತದೆ. ಸ್ಕ್ಯಾನ್ ಓದುವುದೇ ನನ್ನ ಕಸುಬು, ಆ ಸಾಲನ್ನು ನಾನೂ ಬೇಕಾದಷ್ಟು ಬರೆದಿದ್ದೇನೆ.

ಕುಗ್ಗುವುದು ನಿಜ, ಆರೋಗ್ಯವಂತರದ್ದೂ ಕುಗ್ಗುತ್ತದೆ. 35ರ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು ಶೇ. 0.2, 60ರ ಹೊತ್ತಿಗೆ ಶೇ. 0.5. ಒಂದು ಲಕ್ಷಕ್ಕೂ ಹೆಚ್ಚು ಜನರ ಸ್ಕ್ಯಾನ್ ಕಲೆಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನರಕೋಶಗಳು ತುಂಬಿರುವ ಮೆದುಳಿನ ಬೂದು ಭಾಗ 6ನೇ ವಯಸ್ಸಿಗೇ ತನ್ನ ಗರಿಷ್ಠ ಗಾತ್ರ ಮುಟ್ಟಿರುತ್ತದೆ! ಅವನ್ನು ಜೋಡಿಸುವ ತಂತುಗಳ ಬಿಳಿ ಭಾಗ ಮುಟ್ಟುವುದು 29ರ ಸುಮಾರಿಗೆ.

ನನ್ನ ಕಣ್ಣು ಮೊದಲು ಹೋಗುವುದು ಕಿವಿಯ ನೇರಕ್ಕೆ ಒಳಗಿರುವ ಹಿಪೊಕ್ಯಾಂಪಸ್ ಕಡೆಗೆ, ಹೊಸ ನೆನಪುಗಳು ಕೂರುವ ಜಾಗಕ್ಕೆ. ಅದರ ಎತ್ತರ ಎಷ್ಟಿದೆ, ಪಕ್ಕದ ಸೀಳು ಅಗಲವಾಗಿದೆಯೇ, ಹೊರಬದಿಯ ದ್ರವದ ಕುಹರ ಹಿಗ್ಗಿದೆಯೇ, ಇಷ್ಟು ನೋಡಿ 0ಯಿಂದ 4ರವರೆಗೆ ಅಂಕ ಕೊಡುತ್ತೇವೆ, ಅಂಕ ಹೆಚ್ಚಿದಷ್ಟೂ ಸವೆತ ಹೆಚ್ಚು. ನೆದರ್‌ಲೆಂಡ್ಸಿನ ನರವೈದ್ಯ ಶೆಲ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲಿ ಹಾಕಿಕೊಟ್ಟ ಪದ್ಧತಿ. 78ರ ಅಜ್ಜಿಗೆ 2 ಬಂದರೆ ವಯೋಸಹಜ ಎಂದು ಮುಂದೆ ಹೋಗುತ್ತೇನೆ. 60ರವರಿಗೆ ಅದೇ 2 ಬಂದರೆ ಕುರ್ಚಿ ಎಳೆದುಕೊಂಡು ಇನ್ನೊಮ್ಮೆ ನೋಡುತ್ತೇನೆ.

ಆದರೆ ಒಂದೇ ಸ್ಕ್ಯಾನಿನಲ್ಲಿ ಕಾಣುವುದು ಗಾತ್ರ ಮಾತ್ರ, ಕುಗ್ಗುವ ವೇಗ ಅಲ್ಲ. ಚಿಕ್ಕ ಮೆದುಳು ಹುಟ್ಟಿನಿಂದಲೇ ಚಿಕ್ಕದಿರಬಹುದು. ಹೋಲಿಸುವ ಅಳತೆ ಯಾರದ್ದು ಎಂಬುದೂ ಮುಖ್ಯ: ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯವರು 100 ಭಾರತೀಯರ ಸ್ಕ್ಯಾನಿನಿಂದ 2019ರಲ್ಲಿ ನಕ್ಷೆ ಮಾಡಿದಾಗ ನಮ್ಮವರ ಮೆದುಳಿನ ಸರಾಸರಿ ಗಾತ್ರ ಪಾಶ್ಚಾತ್ಯರದ್ದಕ್ಕಿಂತ ಕಡಿಮೆಯೇ ಇತ್ತು. ಬುದ್ಧಿಗೂ ಇದಕ್ಕೂ ತಳಕು ಹಾಕಬೇಡಿ, ದಯವಿಟ್ಟು.

ವೇಗ ತಿಳಿಯಬೇಕೆಂದರೆ ಎರಡು ಸ್ಕ್ಯಾನ್ ಬೇಕು, ಆದಷ್ಟೂ ಒಂದೇ ಮಷೀನಿನಲ್ಲಿ. ಮರೆವಿನ ಕಾಯಿಲೆಯಾದ ಅಲ್ಝೈಮರ್ ಇದ್ದವರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಶೇ. 4ರಿಂದ 5 ಸವೆದರೆ, ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಶೇ. 1.5ರ ಒಳಗೆ. ಮೊದಲನೆಯದು ಡೊಂಬಿವಲಿಯಲ್ಲಿ, ಎರಡನೆಯದು ರಿಯಾಯಿತಿ ಸಿಕ್ಕಿತೆಂದು ಅಂಧೇರಿಯಲ್ಲಿ ಮಾಡಿಸಿದರೆ ಇಷ್ಟು ಸಣ್ಣ ವ್ಯತ್ಯಾಸ ಮಷೀನುಗಳ ಗೊಂದಲದಲ್ಲೇ ಮುಳುಗಿಹೋಗುತ್ತದೆ. ನೀರು ಸರಿಯಾಗಿ ಕುಡಿಯದಿದ್ದರೂ ಅಳತೆ ಕೊಂಚ ಏರುಪೇರಾಗುತ್ತದೆ.

ಹಾಗಾಗಿ ರಿಪೋರ್ಟ್ ತೋರಿಸಿದವರನ್ನು ನಾನು ಕೇಳುವುದು ಬೇರೆಯೇ: ಹಾಲಿನವನ ಲೆಕ್ಕ ಅಮ್ಮ ಈಗಲೂ ಸರಿಯಾಗಿ ಇಡುತ್ತಾರಾ? ದಿನವೂ ಹೋಗುವ ಮಾರ್ಕೆಟ್ಟಿನ ದಾರಿ ತಪ್ಪಿದ್ದುಂಟಾ? ಉಂಟು ಎಂದಾದರೆ ಹಳೆಯ ಸ್ಕ್ಯಾನಿನ ಸಿಡಿ ಹುಡುಕಿ ತೆಗೆದುಕೊಂಡು ನ್ಯೂರಾಲಜಿಸ್ಟ್ ಹತ್ತಿರ ಹೋಗಿ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಟ್ಟರೆ ಅದನ್ನು ಮೊದಲು ಮಾಡಿಸಿ. ಅವುಗಳ ಕೊರತೆಯಿಂದ ಬರುವ ಮರೆವಿಗೆ ಔಷಧಿಯಿದೆ.